ಟೆಲಿ-ಲಾ: ಸಲಹೆ ಫೋನಿನಲ್ಲಿ, ಓಡಾಟ ನಮ್ಮದೇ

ಮೊದಲೇ ಹೇಳಿಬಿಡುತ್ತೇನೆ, ಟೆಲಿ-ಲಾ ಅಂದರೆ ಫೋನಿನಲ್ಲಿ ಕಾನೂನು ಸಲಹೆ ಕೊಡುವ ಸರ್ಕಾರದ ಯೋಜನೆ, ಅದು ಕೇಸ್ ನಡೆಸುವುದಿಲ್ಲ. ಕೋರ್ಟಿನಲ್ಲಿ ನಿಮ್ಮ ಪರವಾಗಿ ಯಾರೂ ಬಂದು ನಿಲ್ಲುವುದಿಲ್ಲ. ಕೇಸ್ ಹಾಕಬೇಕಾ ಬೇಡವಾ, ಹಾಕುವುದಾದರೆ ಯಾವ ಆಫೀಸು, ಯಾವ ಕಾಗದ, ಇಷ್ಟನ್ನು ಒಬ್ಬ ವಕೀಲರು ಫೋನಿನಲ್ಲಿ ಹೇಳುತ್ತಾರೆ. ಇಷ್ಟೇನಾ ಅಂತ ಕೇಳಬೇಡಿ. ನಮ್ಮ ಕಡೆ ಇಷ್ಟು ಗೊತ್ತಾಗದೆ ಬ್ರೋಕರ್ ಕೈಗೆ ದುಡ್ಡು ಕೊಟ್ಟು ಕೂತವರು ಎಷ್ಟೋ ಜನ.

ನಾನು ಮೂಡಿಗೆರೆ ತಾಲ್ಲೂಕಿನ ಒಂದು ಪಂಚಾಯಿತಿಯಲ್ಲಿ ಸಂಜೀವಿನಿ ಒಕ್ಕೂಟದ ಎಂಬಿಕೆ. ಅಂದರೆ ಹೆಂಗಸರ ಸ್ವಸಹಾಯ ಸಂಘಗಳ ಲೆಕ್ಕ ಬರೆಯುವವಳು. ಲೆಕ್ಕದ ಪುಸ್ತಕದ ಜೊತೆ ಹೆಂಗಸರು ಬೇರೆ ಕಾಗದಗಳನ್ನೂ ತರುತ್ತಾರೆ. ಗಂಡ ಬಿಟ್ಟು ಹೋದದ್ದು, ಪಹಣಿಯಲ್ಲಿ ಹೆಸರು ಬಾರದ್ದು, ಮನೆ ಜಾಗದ ತಕರಾರು. ಓದು ಬಂದವಳಿಗೆ ಕಾನೂನೂ ಬರುತ್ತದೆ ಅಂತ ನಂಬಿಕೆ! ಹಾಗಾಗಿ ನಾನು ಟೆಲಿ-ಲಾ ಹಿಡಿದುಕೊಂಡೆ.

ಇದು ಕೇಂದ್ರದ ನ್ಯಾಯ ಇಲಾಖೆಯ ಯೋಜನೆ, 2017ರಲ್ಲಿ ಶುರುವಾದದ್ದು. ಹಳ್ಳಿಯ ಸಿಎಸ್‌ಸಿ (ಸಾಮಾನ್ಯ ಸೇವಾ ಕೇಂದ್ರ) ಸೆಂಟರ್‌ಗೆ ಹೋದರೆ ಅಲ್ಲಿನವರು ನಿಮ್ಮ ಹೆಸರು, ಫೋನ್ ನಂಬರ್, ವಿಷಯ ನೋಂದಾಯಿಸಿ ಒಂದು ಟೈಮ್ ಕೊಡುತ್ತಾರೆ. ಆ ಹೊತ್ತಿಗೆ ಪ್ಯಾನೆಲ್ ವಕೀಲರು ಮಾತಾಡುತ್ತಾರೆ. 2021ರಿಂದ ಮೊಬೈಲ್ ಆ್ಯಪ್ ಕೂಡ ಇದೆ. 14454ಕ್ಕೆ ನೇರವಾಗಿ ಫೋನೂ ಮಾಡಬಹುದು. ಮೊದಲು ಕೆಲವರಿಗೆ 30 ರೂಪಾಯಿ ಫೀಸ್ ಇತ್ತು, 2022ರಲ್ಲಿ ಅದನ್ನೂ ತೆಗೆದು ಎಲ್ಲರಿಗೂ ಉಚಿತ ಮಾಡಿದರು.

ನಾನು ಮೊದಲು ಕರೆದುಕೊಂಡು ಹೋದದ್ದು ನಮ್ಮ ದೊಡ್ಡಮ್ಮನನ್ನು. ನಮ್ಮ ದೊಡ್ಡಪ್ಪನಿಗೆ ಪರಿಶಿಷ್ಟ ಜಾತಿಯವರು ಅಂತ ಸರ್ಕಾರ ಎರಡು ಎಕರೆ ದರಖಾಸ್ತು ಜಮೀನು ಕೊಟ್ಟಿತ್ತು. ಯಾವುದೋ ಸಾಲಕ್ಕೆ ಅವರು ಅದನ್ನು ಪಕ್ಕದ ತೋಟದವರಿಗೆ ಬರೆದುಕೊಟ್ಟರು. ಈಗ ಅಲ್ಲಿ ಕಾಫಿ, ಮೆಣಸು. ದೊಡ್ಡಮ್ಮ ಅದೇ ತೋಟಕ್ಕೆ ಕೂಲಿಗೆ ಹೋಗುತ್ತಾರೆ. ಒಬ್ಬ ಬ್ರೋಕರ್ ಜಮೀನು ವಾಪಸ್ ಕೊಡಿಸುತ್ತೇನೆ, ಮೊದಲು ಇಪ್ಪತ್ತು ಸಾವಿರ ಕೊಡಿ ಅಂತ ಬೆನ್ನು ಬಿದ್ದಿದ್ದ.

ವಕೀಲರು ಹೆಂಗಸು, ಸ್ಪಷ್ಟ ಕನ್ನಡ. ಅವರು ಕೇಳಿದ ಮೊದಲ ಪ್ರಶ್ನೆ, "ಮಾರಿದ್ದು 1979ಕ್ಕೆ ಮೊದಲೋ ಆಮೇಲೋ?" ಎರಡನೆಯದು, "ಸಾಗುವಳಿ ಚೀಟಿ, ಅಂದರೆ ಜಮೀನು ಮಂಜೂರಾದ ಕಾಗದ ಇದೆಯಾ?"

ಇತ್ತು. ರೇಷನ್ ಕಾರ್ಡಿನ ಪ್ಲಾಸ್ಟಿಕ್ ಕವರಿನಲ್ಲಿ, ನಾಲ್ಕು ಮಡಿಕೆ ಮಾಡಿ ಇಟ್ಟಿದ್ದರು. ಮಡಿಕೆ ಬಿದ್ದ ಕಡೆ ಅಕ್ಷರ ಅಳಿಸಿ ಸರ್ವೆ ನಂಬರಿನ ಒಂದು ಅಂಕಿಯೇ ಕಾಣುತ್ತಿರಲಿಲ್ಲ. "ನಂಬರ್ ಬಿಡಿ, ಪಹಣಿಯಲ್ಲಿ ಸಿಗುತ್ತೆ. ಹಿಂದೆ ತಿರುಗಿಸಿ, ಷರತ್ತುಗಳು ಅಂತ ಇದೆಯಾ ನೋಡಿ" ಅಂದರು. ಮೊಬೈಲ್ ಟಾರ್ಚ್ ಬಿಟ್ಟುಕೊಂಡು ಓದಿದೆ. ಮಂಜೂರಾದ ದಿನದಿಂದ ಹದಿನೈದು ವರ್ಷ ಪರಭಾರೆ ಮಾಡಕೂಡದು, ಅಂದರೆ ಬೇರೆಯವರಿಗೆ ಬರೆದುಕೊಡಕೂಡದು ಅಂತ ಇತ್ತು. ಅಷ್ಟು ವರ್ಷ ಆ ಕಾಗದ ಮನೆಯಲ್ಲೇ ಇತ್ತು, ಹಿಂದಿನ ಪುಟ ಯಾರೂ ಓದಿರಲಿಲ್ಲ.

ಆಮೇಲೆ ಅವರು ಬಿಡಿಸಿ ಹೇಳಿದರು. ಇದಕ್ಕೆ ಪಿಟಿಸಿಎಲ್ ಕಾಯ್ದೆ ಅಂತಾರೆ, 1978ರದ್ದು, 1979ರ ಜನವರಿ 1ರಿಂದ ಜಾರಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನನ್ನು ಷರತ್ತು ಮೀರಿ ಮಾರಿದ್ದರೆ ಆ ಮಾರಾಟ ಊರ್ಜಿತವಲ್ಲ. ಕಾಯ್ದೆ ಬಂದ ಮೇಲೆ ಮಾರುವುದಾದರೆ ಸರ್ಕಾರದ ಅನುಮತಿ ಮೊದಲೇ ಬೇಕು. ಅರ್ಜಿ ಕೊಡಬೇಕಾದದ್ದು ಎಸಿಗೆ (ಉಪವಿಭಾಗಾಧಿಕಾರಿ), ಅಲ್ಲಿ ಆಗದಿದ್ದರೆ ಡಿಸಿಗೆ (ಜಿಲ್ಲಾಧಿಕಾರಿ) ಮೇಲ್ಮನವಿ. ಬೇಕಾದ ಕಾಗದ: ಮಂಜೂರಾತಿ ಆದೇಶದ ನಕಲು, ಪಹಣಿ, ಮ್ಯುಟೇಶನ್, ಸಬ್ ರಿಜಿಸ್ಟ್ರಾರ್ ಆಫೀಸಿನಿಂದ ಕ್ರಯಪತ್ರದ ನಕಲು, ಜಾತಿ ಪ್ರಮಾಣಪತ್ರ, ವಂಶವೃಕ್ಷ.

"ಹಂಗಾದ್ರೆ ಜಮೀನು ನಮಗೆ ಬರುತ್ತಾ ತಾಯಿ?" ದೊಡ್ಡಮ್ಮ ಕೇಳಿದರು.

"ಅಮ್ಮಾ, ಬರುತ್ತೆ ಅಂತ ನಾನು ಹೇಳಲ್ಲ. ಅರ್ಜಿ ಹಾಕೋಕೆ ನಿಮಗೆ ಹಕ್ಕಿದೆ. ಆದರೆ ತಡ ಆಗಿದೆ. ಇದಕ್ಕೆ ಕಾಲಮಿತಿ ಇಲ್ಲ ಅಂತ 2023ರಲ್ಲಿ ತಿದ್ದುಪಡಿ ಬಂದಿದೆ ನಿಜ, ಆದರೂ ಆ ಕಡೆಯವರು ತಡದ ಮಾತನ್ನೇ ಎತ್ತುತ್ತಾರೆ. ಅದಕ್ಕೆ ತಯಾರಾಗಿರಿ."

ನನಗೆ ತುಂಬಾ ಹಿಡಿಸಿದ್ದು ಇದೇ. ಬ್ರೋಕರ್ ಒಂದು ಸಲವೂ ತಡದ ವಿಷಯ ಎತ್ತಿರಲಿಲ್ಲ. ಗೆದ್ದೇ ಗೆಲ್ಲುತ್ತೇವೆ ಅನ್ನುತ್ತಿದ್ದ. ದುಡ್ಡು ತೆಗೆದುಕೊಳ್ಳದವರು ಮಾತ್ರ ಹೀಗೆ ಕಹಿ ಮಾತು ಹೇಳಬಲ್ಲರೇನೋ.

ಇನ್ನು ತಕರಾರಿನ ವಿಷಯ. ಯೋಜನೆ ಚೆನ್ನಾಗಿದೆ, ಕೂರುವ ಜಾಗ ಸರಿಯಿಲ್ಲ. ನಾನು ಹೋಗುವ ಸೆಂಟರ್ ಒಂದೇ ಕೋಣೆ. ಒಂದು ಕಡೆ ಜೆರಾಕ್ಸ್, ಇನ್ನೊಂದು ಕಡೆ ಆಧಾರ್‌ಗೆ ಬೆರಳು ಒತ್ತುವ ಕ್ಯೂ. ಸಿಗ್ನಲ್ ಕಮ್ಮಿ ಅಂತ ಫೋನ್ ಸ್ಪೀಕರ್‌ಗೆ ಹಾಕುತ್ತಾರೆ. ಜಮೀನಿನ ಮಾತಾದರೆ ಹೇಗೋ ನಡೆಯುತ್ತದೆ. ಗಂಡ ಬಿಟ್ಟು ಹೋದ ಹುಡುಗಿ ಒಬ್ಬಳು ಬಂದಾಗ ಕ್ಯೂನಲ್ಲಿದ್ದ ಅರ್ಧ ಜನ ಅವಳ ಗಂಡನ ಊರಿನವರೇ. ಅವಳು ಬಾಯಿ ಬಿಡಲಿಲ್ಲ, ಎದ್ದು ಹೊರಟಳು. ಆಮೇಲೆ ಒಕ್ಕೂಟದ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು 14454ಕ್ಕೆ ಮಾಡಿಸಿದೆ. ಗಂಡ ಬೆಂಗಳೂರಿನಲ್ಲಿದ್ದರೂ ಜೀವನಾಂಶದ ಅರ್ಜಿಯನ್ನು ಅವಳು ಈಗ ಇರುವ ಕಡೆಯೇ ಹಾಕಬಹುದು ಅಂತ ಅವಳಿಗೆ ಗೊತ್ತಾದದ್ದು ಆವತ್ತು. ಹಳೆಯ 125ನೇ ಸೆಕ್ಷನ್ ಈಗ ಹೊಸ ಕಾನೂನಿನಲ್ಲಿ 144 ಆಗಿದೆಯಂತೆ. ಹೆಂಗಸರ ವಿಷಯವಾದರೆ ಸೆಂಟರ್ ಬಿಡಿ, ಮನೆಯಿಂದಲೇ ಮಾಡಿ. ಸಿಗ್ನಲ್ ಬರುವ ಬಂಡೆ ಪ್ರತಿ ಊರಲ್ಲೂ ಒಂದು ಇರುತ್ತದೆ, ಅಲ್ವಾ?

ಇನ್ನೊಂದು ಸೆಂಟರ್‌ನಲ್ಲಿ ನೋಂದಣಿಗೆ ಅಂತ ನೂರು ರೂಪಾಯಿ ಕೇಳಿದರು. ಉಚಿತ ಅಲ್ವಾ ಅಂದರೆ "ಕರೆಂಟ್ ಚಾರ್ಜು" ಅಂದರು. ನೀವು ಕೊಡಬೇಡಿ. ಜೆರಾಕ್ಸಿಗೆ ಆದಷ್ಟು ಮಾತ್ರ ಕೊಡಿ.

ಸಲಹೆ ಸಿಕ್ಕಮೇಲೆ ಮುಂದೇನು? ಇಲ್ಲೇ ಜನ ಕೈಬಿಡುವುದು. ಅರ್ಜಿ ಬರೆಯಲು, ವಕೀಲರನ್ನು ಇಡಲು ತಾಲ್ಲೂಕು ಕೋರ್ಟಿನಲ್ಲಿರುವ ಕಾನೂನು ಸೇವಾ ಸಮಿತಿಗೆ ಹೋಗಬೇಕು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಹೆಂಗಸರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ, ಅಂಗವಿಕಲರಿಗೆ ಉಚಿತ ವಕೀಲರು ಸಿಗುತ್ತಾರೆ. ಇವರಿಗೆ ಆದಾಯದ ಮಿತಿ ಇಲ್ಲ. ಸಹಾಯವಾಣಿ 15100. ಮನೆಯಲ್ಲಿ ಹೊಡೆತ ಬಡಿತ ನಡೆಯುತ್ತಿದ್ದರೆ ಮಾತ್ರ ಟೆಲಿ-ಲಾ ಟೈಮ್‌ಗೆ ಕಾಯುತ್ತಾ ಕೂರಬೇಡಿ. ಮೊದಲು 112 (ಪೊಲೀಸ್) ಅಥವಾ 181 (ಮಹಿಳಾ ಸಹಾಯವಾಣಿ) ಒತ್ತಿ.

ಒಂದೆರಡು ಚಿಕ್ಕ ಮಾತು. ಮೂಲ ಕಾಗದಗಳನ್ನು ಕೈಯಲ್ಲಿ ಹಿಡಿದುಕೊಂಡೇ ಮಾತಾಡಿ, ವಕೀಲರು ತಾರೀಖು ಕೇಳುತ್ತಾರೆ. ಒಂದು ನೋಟ್‌ಬುಕ್ ಇರಲಿ, ಹೇಳಿದ್ದನ್ನು ಅಲ್ಲೇ ಬರೆದುಕೊಂಡು ಅವರಿಗೇ ಓದಿ ಹೇಳಿ. ಕೂಲಿಗೆ ಹೋಗುವವರು ಸಂಜೆಯ ಟೈಮ್ ಕೇಳಿ ನೋಡಿ. ಮಳೆಗಾಲದಲ್ಲಿ ಕರೆಂಟ್ ಹೋದರೆ ಟವರ್ ಕೂಡ ಹೋಗುತ್ತದೆ, ಅದಕ್ಕೆ ಯಾರನ್ನೂ ಬಯ್ಯಬೇಡಿ, ಇನ್ನೊಂದು ಟೈಮ್ ತೆಗೆದುಕೊಳ್ಳಿ.

ದೊಡ್ಡಮ್ಮನ ಅರ್ಜಿ ಈಗ ಚಿಕ್ಕಮಗಳೂರಿನ ಎಸಿ ಕೋರ್ಟಿನಲ್ಲಿದೆ. ಸಮಿತಿಯಿಂದ ವಕೀಲರು ಸಿಕ್ಕಿದ್ದಾರೆ. ಶಕ್ತಿ ಯೋಜನೆಯಲ್ಲಿ ಬಸ್ಸಿಗೆ ದುಡ್ಡಿಲ್ಲ, ಹೋದ ದಿನದ ಕೂಲಿ ಮಾತ್ರ ಹೋಗುತ್ತದೆ. ತೋಟದವರು ಅವರನ್ನು ಕೆಲಸಕ್ಕೆ ಕರೆಯುವುದು ನಿಲ್ಲಿಸಿದ್ದಾರೆ. ದೊಡ್ಡಮ್ಮ ಈಗ ಬೇರೆ ಎಸ್ಟೇಟಿಗೆ ಜೀಪಿನಲ್ಲಿ ಹೋಗುತ್ತಾರೆ.