‘ಇನ್ನೊಂದು ವಾರ ತಡೀರಿ’ ಅಂದರೆ ತಡೆಯಬೇಡಿ

ಕಂಪನಿಯೇ ದೇಶ ಬಿಟ್ಟು ಹೋದ ಕಾರು ಇಟ್ಟುಕೊಂಡವರು ಇದನ್ನು ಓದಿ. ನನ್ನದು 2003ರ ಓಪೆಲ್ ಕೋರ್ಸಾ. ಓಪೆಲ್ 2006ರಲ್ಲೇ ಇಲ್ಲಿಂದ ಗಂಟುಮೂಟೆ ಕಟ್ಟಿತು. ಅಪ್ಪ ತಗೊಂಡ ಗಾಡಿ, ಮಾರಲು ಮನಸ್ಸಿಲ್ಲ.

2025ರ ಫೆಬ್ರವರಿಯಲ್ಲಿ ಎಂಜಿನ್ ತಂಪಾಗಿಡುವ ವಾಟರ್ ಪಂಪ್ ಸೋರತೊಡಗಿತು. ಪಂಪ್ ತಿರುಗುವುದು ಎಂಜಿನ್ನಿನ ಹಲ್ಲಿನ ಪಟ್ಟಿ, ಅಂದರೆ ಟೈಮಿಂಗ್ ಬೆಲ್ಟಿನಿಂದಲೇ, ಹಾಗಾಗಿ ಎರಡನ್ನೂ ಒಟ್ಟಿಗೆ ಬದಲಿಸಬೇಕು. ಹುಬ್ಬಳ್ಳಿಯ ಗೋಕುಲ ರೋಡಿನ ಗ್ಯಾರೇಜಿನಲ್ಲಿ ಗಾಡಿ ಬಿಟ್ಟು, ಜರ್ಮನಿಯ ವಿಳಾಸವಿದ್ದ ಒಂದು ಆನ್‌ಲೈನ್ ಅಂಗಡಿಗೆ ಆರ್ಡರ್ ಹಾಕಿದೆ. ಸಾಗಣೆ ಸೇರಿ 14,300 ರೂಪಾಯಿ. ‘ಸ್ಟಾಕ್ ಇದೆ, 15 ದಿನ’ ಎಂದು ಹಸಿರು ಅಕ್ಷರದಲ್ಲಿತ್ತು.

ಮರುದಿನವೇ ಟ್ರ್ಯಾಕಿಂಗ್ ನಂಬರ್ ಬಂತು. ಖುಷಿಪಟ್ಟೆ, ನನ್ನ ದಡ್ಡತನ. ‘ಲೇಬಲ್ ಸಿದ್ಧವಾಗಿದೆ’ ಅಂದರೆ ಚೀಟಿ ಪ್ರಿಂಟ್ ಆಗಿದೆ ಅಂತ ಅಷ್ಟೇ, ಡಬ್ಬಿ ಕೊರಿಯರ್‌ನವರ ಕೈ ಸೇರಿದೆ ಅಂತಲ್ಲ. ಆ ಒಂದೇ ಸಾಲನ್ನು ದಿನಾ ಬೆಳಿಗ್ಗೆ ಚಹಾದ ಜೊತೆ ತಿಂಗಳುಗಟ್ಟಲೆ ನೋಡಿದೆ. ಅಂಗಡಿಯವರನ್ನು ಕೇಳಿದಾಗಲೆಲ್ಲ ವಿನಯದ ಉತ್ತರ: ‘ಇನ್ನೊಂದು ವಾರ ತಡೆಯಿರಿ.’ ಒಮ್ಮೆಯಂತೂ ‘ನಿಮ್ಮ ದೇಶದ ಕಸ್ಟಮ್ಸ್‌ನಲ್ಲಿ ಸಿಕ್ಕಿಕೊಂಡಿದೆ’ ಅಂದರು. ಅಲ್ಲಿಂದ ಹೊರಡದೇ ಇದ್ದದ್ದು ಇಲ್ಲಿ ಹೇಗೆ ಸಿಕ್ಕಿಕೊಂಡೀತು?

ಇತ್ತ ಬೇವಿನ ಮರದ ಕೆಳಗೆ ನಿಂತ ಗಾಡಿಯಡಿ ನಾಯಿ ಮರಿ ಹಾಕಿತ್ತು. ‘ಸರ್, ಹಡಗ ಮುಳುಗೇತೇನ್ರಿ?’ ಅಂತ ಮಿಸ್ತ್ರಿ ಚಾಷ್ಟಿ ಮಾಡುತ್ತಿದ್ದ.

ಕೊನೆಗೂ 131ನೇ ದಿನ ಡಬ್ಬಿ ಬಂತು. ಅದಕ್ಕೂ ಮೊದಲು ಕೊರಿಯರ್‌ನವರು ಕೆವೈಸಿ ಕೇಳಿ, ಸುಂಕ ಕಟ್ಟಿಸಿಕೊಂಡರು. ಗಮನಿಸಿ, ಸುಂಕ ಬರೀ ಸಾಮಾನಿನ ಬೆಲೆಯ ಮೇಲಲ್ಲ, ಸಾಗಣೆ ಖರ್ಚು, ವಿಮೆ ಸೇರಿದ ಮೊತ್ತದ ಮೇಲೆ. ಅದರ ಮೇಲೆ ಜಿಎಸ್‌ಟಿ ಬೇರೆ. ಬಿಡಿಭಾಗಗಳಿಗೆ ಆಗ 28% ಇತ್ತು, 2025ರ ಸೆಪ್ಟೆಂಬರ್ 22ರಿಂದ 18%ಕ್ಕೆ ಇಳಿದಿದೆ. ನನಗೇನೂ ಉಪಯೋಗವಾಗಲಿಲ್ಲ.

ಮಿಸ್ತ್ರಿ ಹಳೆಯ ಬೆಲ್ಟನ್ನೂ ಹೊಸದನ್ನೂ ನೆಲದ ಮೇಲಿಟ್ಟು, ಸೀಮೆಸುಣ್ಣದಿಂದ ಗುರುತು ಹಾಕಿ ಹಲ್ಲು ಎಣಿಸಿದ. ಮತ್ತೊಮ್ಮೆ ಎಣಿಸಿದ. ‘ನಾಕ್ ಹಲ್ಲ ಕಮ್ಮಿ ಅದಾವ್ರಿ ಸರ್. ಇದು ನಮ್ಮ ಗಾಡೀದಲ್ರಿ.’

ವಾಪಸ್ ಕಳಿಸಿದರೆ ಖರ್ಚು ನನ್ನದೇ ಅಂತ ಅಂಗಡಿಯವರು ಅಂದರು. ಬ್ಯಾಂಕಿಗೆ ಫೋನ್ ಮಾಡಿದೆ. ಕಾರ್ಡಿನಿಂದ ಕೊಟ್ಟ ಹಣ ವಾಪಸ್ ಬೇಕೆಂದು ತಕರಾರು ಹಾಕಲು ನನಗಿದ್ದ ಗಡುವು 120 ದಿನ. ಹನ್ನೊಂದು ದಿನದ ಹಿಂದೆಯೇ ಮುಗಿದಿತ್ತು. ಆ ‘ಇನ್ನೊಂದು ವಾರ’ಗಳೆಲ್ಲ ಯಾಕೆ ಅಂತ ನನಗೆ ಅರ್ಥವಾದದ್ದು ಆಗ. ಅಂಗಡಿಯವರು ಬೇಕಂತಲೇ ಎಳೆದರು ಅಂತ ಸಾಬೀತು ಮಾಡಲಾರೆ, ಆದರೆ ನನ್ನ ಅನುಮಾನ ಅದೇ.

ಹೇಳಿದ ದಿನ ದಾಟಿದ ಮರುದಿನವೇ ಬ್ಯಾಂಕಿಗೆ ತಕರಾರು ಕೊಡಿ, ಸಾಮಾನು ಬಂದರೆ ಹಿಂಪಡೆಯಬಹುದು. ಹಳೆಯ ಪಾರ್ಟಿನ ಮೇಲಿನ ನಂಬರಿನ ಫೋಟೋ ಕಳಿಸಿ, ‘ಇದೇ ಹೌದು’ ಅಂತ ಬರಹದಲ್ಲಿ ಒಪ್ಪಿಸಿಕೊಂಡೇ ದುಡ್ಡು ಹಾಕಿ.

ಗಾಡಿ ಈಗ ಓಡುತ್ತಿದೆ. ಪುಣೆಯ ಹಳೆ ಪಾರ್ಟಿನ ಅಂಗಡಿಯವರೊಬ್ಬರು ರಾತ್ರಿ ಖಾಸಗಿ ಬಸ್ಸಿಗೆ ಹಾಕಿದ ಕಿಟ್ ಬೆಳಿಗ್ಗೆ ಹುಬ್ಬಳ್ಳಿಯಲ್ಲಿ ನನ್ನ ಕೈಯಲ್ಲಿತ್ತು.