ಸಾಫ್ಟ್, ಸಾಫ್ಟ್‌ಎಫ್‌ಪಿ, ಹಾರ್ಡ್: ಅಡಿಕೆ ಡ್ರೈಯರ್‌ನ ಫರ್ಮ್‌ವೇರ್‌ಗೆ ಯಾವುದು ಹೊಂದಿತು?

ಕೊನೆ ಕೊಯ್ಲಿನ ಹೊತ್ತಿಗೆ ಮೋಡ ಕವಿದರೆ ಬೇಯಿಸಿದ ಅಡಿಕೆ ಅಂಗಳದಲ್ಲಿ ಒಣಗುವುದಿಲ್ಲವಾದ್ದರಿಂದ, ಸಾಗರದ ಬಳಿಯ ನಮ್ಮ ಮನೆಯ ಡ್ರೈಯರ್‌ಗೆ ಎಫ್‌ಪಿಯು (ದಶಮಾಂಶದ ಲೆಕ್ಕಕ್ಕೆಂದೇ ಇರುವ ಘಟಕ) ಇರುವ ಕಾರ್ಟೆಕ್ಸ್-ಎಂ4 ಚಿಪ್ ಬಳಸಿ ತಾಪ ನಿಯಂತ್ರಕವೊಂದನ್ನು ಕಟ್ಟಿದೆ. ತಾಪ ಅಳೆಯುವ ಥರ್ಮಿಸ್ಟರ್‌ನ ಲೆಕ್ಕವನ್ನು ದಶಮಾಂಶದಲ್ಲಿಯೇ ಮಾಡಿದ್ದರಿಂದ ಜಿಸಿಸಿ ಕಂಪೈಲರ್‌ನಲ್ಲಿ ದಶಮಾಂಶ ಸಂಖ್ಯೆಗಳ ಲೆಕ್ಕವೂ ಸಾಗಣೆಯೂ ಹೇಗೆಂದು ನಿರ್ಧರಿಸುವ ಫ್ಲೋಟ್ ಎಬಿಐ ಆಯ್ಕೆಯ ಮೂರೂ ಬಗೆಗಳನ್ನು ಒಂದೇ ಕೋಡ್‌ನ ಮೇಲೆ ಪ್ರಯೋಗಿಸಿ ನೋಡಿದೆ.

ಸಾಫ್ಟ್ ಬಗೆಯಲ್ಲಿ ಪ್ರತಿಯೊಂದು ಕೂಡುವಿಕೆಯೂ ಗುಣಾಕಾರವೂ ಲೈಬ್ರರಿ ಫಂಕ್ಷನ್ನಿನ ಕರೆಯಾಗುತ್ತದೆ. ಎಫ್‌ಪಿಯು ಇಲ್ಲದ ಎಂ0 ಚಿಪ್‌ಗೆ ಅದು ಅನಿವಾರ್ಯ. ಇಲ್ಲಿ ಅದನ್ನು ಆರಿಸಲು ನನಗೆ ಕಾರಣ ಕಾಣಲಿಲ್ಲ.

ಉಳಿದೆರಡೂ ಎಫ್‌ಪಿಯುವನ್ನು ಬಳಸುತ್ತವೆ. ಅವು ಬೇರೆಯಾಗುವುದು ಆರ್ಗ್ಯುಮೆಂಟ್‌ಗಳು (ಕರೆಯುವಾಗ ಕೊಡುವ ಬೆಲೆಗಳು) ಫಂಕ್ಷನ್ನಿಗೆ ತಲುಪುವ ದಾರಿಯಲ್ಲಿ. ಗುರಿ, ಅಳತೆ ಮತ್ತು ಮೂರು ಗುಣಾಂಕಗಳು, ಹೀಗೆ ಐದು ಫ್ಲೋಟ್‌ಗಳನ್ನು (ದಶಮಾಂಶ ಸಂಖ್ಯೆಗಳನ್ನು) ಪಡೆದು ತಾಪವನ್ನು ಗುರಿಯ ಬಳಿ ಹಿಡಿದಿಡುವ ನನ್ನ ಪಿಐಡಿ ಫಂಕ್ಷನ್ನನ್ನು ಡಿಸ್‌ಅಸೆಂಬಲ್ ಮಾಡಿ ಅದರ ಯಂತ್ರಸೂಚನೆಗಳನ್ನು ನೋಡಿದಾಗ, ಸಾಫ್ಟ್‌ಎಫ್‌ಪಿಯಲ್ಲಿ ಮೊದಲ ನಾಲ್ಕು ಆರ್0ದಿಂದ ಆರ್3ರವರೆಗಿನ ಸಾಮಾನ್ಯ ರಿಜಿಸ್ಟರ್‌ಗಳಲ್ಲಿ (ಚಿಪ್‌ನೊಳಗಿನ ಪುಟ್ಟ ಸಂಗ್ರಹಗಳಲ್ಲಿ) ಬಂದು, ಐದನೆಯದು ಸ್ಟ್ಯಾಕ್ ಎಂಬ ತಾತ್ಕಾಲಿಕ ಮೆಮೊರಿಗೆ ಹೋಗಿತ್ತು. ಅವನ್ನು ಎಫ್‌ಪಿಯುಗೆ ಸಾಗಿಸಲೆಂದೇ ಕೆಲವು ಸೂಚನೆಗಳು ವ್ಯಯವಾಗಿದ್ದವು. ಹಾರ್ಡ್‌ನಲ್ಲಿ ಐದೂ ನೇರವಾಗಿ ಎಸ್0ದಿಂದ ಎಸ್4ರವರೆಗಿನ ಎಫ್‌ಪಿಯು ರಿಜಿಸ್ಟರ್‌ಗಳಲ್ಲಿ ಇಳಿದಿದ್ದವು. ನೋಡಲು ಬಲು ಸೊಗಸು! ಆದರೆ ಅದೇ ಫಂಕ್ಷನ್ನನ್ನು ಸ್ಟ್ಯಾಟಿಕ್ ಎಂದು ಘೋಷಿಸಿ ಕೋಡನ್ನು ಚುರುಕುಗೊಳಿಸುವ ಓ2 ಆಯ್ಕೆ ಕೊಟ್ಟೊಡನೆ ಕಂಪೈಲರ್ ಅದನ್ನು ಕರೆದ ಜಾಗದಲ್ಲಿಯೇ ಇನ್‌ಲೈನ್ ಮಾಡಿತು (ಕರೆಯ ಬದಲು ಕೋಡನ್ನೇ ಸೇರಿಸಿತು), ಆ ಅಂತರವೂ ಅಳಿದುಹೋಯಿತು.

ತೀರ್ಮಾನಕ್ಕೆ ಬಂದದ್ದು ವೇಗದಿಂದಲ್ಲ. ಸೆನ್ಸರ್ ಮಾರಿದವರು ಸೋರ್ಸ್ ಇಲ್ಲದೆ ಕೊಟ್ಟಿದ್ದ ಲೈಬ್ರರಿ ಸಾಫ್ಟ್ ಬಗೆಯದು. ಸಾಫ್ಟ್ ಮತ್ತು ಸಾಫ್ಟ್‌ಎಫ್‌ಪಿಗಳ ಕರೆಯ ನಿಯಮ ಒಂದೇ ಆದ್ದರಿಂದ ಅವು ಕೂಡಿಕೊಳ್ಳುತ್ತವೆ. ಹಾರ್ಡ್ ಕೊಟ್ಟರೆ ಭಾಗಗಳನ್ನು ಜೋಡಿಸುವ ಲಿಂಕರ್ ವಿಎಫ್‌ಪಿ (ಎಂದರೆ ಎಫ್‌ಪಿಯು) ರಿಜಿಸ್ಟರ್‌ಗಳ ತಕರಾರು ತೆಗೆದು ನಿಂತುಬಿಡುತ್ತದೆ. ಇಡೀ ಒಂದು ಸಂಜೆ ನಾನು ಅದನ್ನು ಮೇಕ್‌ಫೈಲ್‌ನ ದೋಷವೆಂದೇ ಹುಡುಕುತ್ತಿದ್ದೆ.

ಎಫ್‌ಪಿಯು ಬಳಸುವ ಎರಡೂ ಬಗೆಗಳಲ್ಲಿ ಸ್ಟ್ಯಾಕ್‌ನ ಲೆಕ್ಕ ಬದಲಾಗುತ್ತದೆ: ಇಂಟರಪ್ಟ್ ಬಂದಾಗ ರಿಜಿಸ್ಟರ್‌ಗಳನ್ನು ಉಳಿಸಲು ಚಿಪ್ ಕಾದಿರಿಸುವ ಜಾಗ 32 ಬೈಟ್‌ಗಳಿಂದ 104 ಬೈಟ್‌ಗಳಿಗೆ ಏರಬಹುದು. ಇದಲ್ಲದೆ, ಸ್ಟಾರ್ಟ್‌ಅಪ್ ಕೋಡ್‌ನಲ್ಲಿ ಎಫ್‌ಪಿಯುವನ್ನು ಚಾಲೂ ಮಾಡುವ ಸಿಪಿಎಸಿಆರ್ ರಿಜಿಸ್ಟರ್‌ನ 20ರಿಂದ 23ರವರೆಗಿನ ಬಿಟ್‌ಗಳನ್ನು ಹಚ್ಚಲು ಮರೆತರೆ ಮೊದಲ ಎಫ್‌ಪಿಯು ಸೂಚನೆಗೇ ಫಾಲ್ಟ್ ಬರುತ್ತದೆ.

ಈ ಚಿಪ್‌ನ ಎಫ್‌ಪಿಯು ಸಿಂಗಲ್ ಪ್ರಿಸಿಷನ್ (32 ಬಿಟ್‌ನ ದಶಮಾಂಶ) ಮಾತ್ರ ಬಲ್ಲದು. ನಾನು 0.5ರ ಮುಂದೆ ಎಫ್ ಅಕ್ಷರ ಬರೆಯದೆ ಬಿಟ್ಟ ಕಡೆಯಲ್ಲೆಲ್ಲ ಲೆಕ್ಕ ಡಬಲ್‌ಗೆ (64 ಬಿಟ್‌ಗೆ) ಏರಿ, ಹಾರ್ಡ್ ಇದ್ದರೂ ಲೈಬ್ರರಿ ಕರೆಗಳೇ ನುಸುಳಿದ್ದವು. ಡಬಲ್-ಪ್ರೊಮೋಷನ್ ಎಚ್ಚರಿಕೆಯ ಆಯ್ಕೆಯನ್ನು ಹಾಕಿ ಅವನ್ನು ಒಂದೊಂದಾಗಿ ಹೆಕ್ಕಿ ತೆಗೆದುದರಿಂದ ದೊರೆತ ಲಾಭ, ಸಾಫ್ಟ್‌ಎಫ್‌ಪಿಯಿಂದ ಹಾರ್ಡ್‌ಗೆ ಹೋಗಿ ಗಳಿಸಿದ್ದಕ್ಕಿಂತ ಹೆಚ್ಚಾಗಿತ್ತು. ಡ್ರೈಯರ್‌ನಲ್ಲಿ ಈಗ ಸಾಫ್ಟ್‌ಎಫ್‌ಪಿಯೇ ಇದೆ. ಆ ಲೈಬ್ರರಿಯ ಸೋರ್ಸ್ ಕೈಗೆ ಸಿಕ್ಕ ದಿನ ಹಾರ್ಡ್‌ಗೆ ಬದಲಾಯಿಸುತ್ತೇನೆ.