ಹಳೇ ಪಿಕಪ್ ತಗೊಂಡು ನಾಲ್ಕು ವರ್ಷ: ಮೀಟರಿಗಿಂತ ಮೊದಲು ಚಾಸಿ ನೋಡಿ

2021ರ ಅಕ್ಟೋಬರಿನಲ್ಲಿ ಸೆಕೆಂಡ್‌ಹ್ಯಾಂಡ್ ಪಿಕಪ್ ತಗೊಂಡೆ. ನಮ್ಮ ತೋಟ ಶಿರಸಿ ಹತ್ತಿರ. ಅಡಿಕೆ ಚೀಲ, ಬಾಳೆಗೊನೆ, ಗೊಬ್ಬರ, ಬೇಸಿಗೆಯಲ್ಲಿ ದರಕು (ಒಣ ಎಲೆ), ಎಲ್ಲಾ ಅದರಲ್ಲೇ. ತಿಂಗಳಿಗೆ ಎರಡು ಮೂರು ಸಲ ದೇವಿಮನೆ ಘಟ್ಟ ಇಳಿದು ಕುಮಟಾಕ್ಕೂ ಹೋಗಬೇಕು. ನಾಲ್ಕು ವರ್ಷ ಆಯ್ತು, ಹಾಗಾಗಿ ಈಗ ಬರೆದರೆ ಒಂದು ಅರ್ಥ ಇರುತ್ತದೆ ಅನ್ನಿಸಿತು.

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಹಳೇ ಪಿಕಪ್ ನೋಡುವವರು ಮೊದಲು ಕೇಳಬೇಕಾದ್ದು ಎಷ್ಟು ಕಿಲೋಮೀಟರ್ ಓಡಿದೆ ಅಂತ ಅಲ್ಲ. ಏನು ಹೊತ್ತಿದೆ, ಎಲ್ಲಿ ಹೊತ್ತಿದೆ ಅಂತ ಕೇಳಿ.

ನಾನು ಮೊದಲು ನೋಡಿದ್ದು ಕೆಎ 30 ನಂಬರಿನ ಗಾಡಿ, ಅಂದರೆ ಕಾರವಾರದ್ದು. ಮೀಟರಿನಲ್ಲಿ 68 ಸಾವಿರ. ಪೇಂಟ್ ಫಳಫಳ, ಸೀಟಿಗೆ ಹೊಸ ಕವರ್, ಟೈರೂ ಚೆನ್ನಾಗಿತ್ತು. ಅಡ್ವಾನ್ಸ್ ಕೊಡಲು ದುಡ್ಡು ಕಿಸೆಯಲ್ಲೇ ಇತ್ತು. ಜೊತೆಗೆ ಬಂದಿದ್ದ ನಮ್ಮೂರ ಮೆಕ್ಯಾನಿಕ್ ಮಾತ್ರ ಬಾನೆಟ್ ಕಡೆ ಹೋಗಲೇ ಇಲ್ಲ. ಗೋಣಿಚೀಲ ಹಾಸಿಕೊಂಡು ಸೀದಾ ಗಾಡಿ ಅಡಿಗೆ ನುಗ್ಗಿದ. ಚಿಕ್ಕ ಸುತ್ತಿಗೆಯಲ್ಲಿ ಚಾಸಿಯನ್ನು, ಅಂದರೆ ಗಾಡಿ ಅಡಿಯ ಕಬ್ಬಿಣದ ಚೌಕಟ್ಟನ್ನು, ಮುಂದಿನಿಂದ ತಟ್ಟುತ್ತಾ ಬಂದ. ಠಣ್, ಠಣ್ ಅಂತಿದ್ದ ಸದ್ದು ಹಿಂದಿನ ಚಕ್ರ ದಾಟಿದ ಮೇಲೆ ಮೊದ್ದಾಯಿತು. ಅಲ್ಲಿ ಹೊಸದಾಗಿ ಕಪ್ಪು ಬಣ್ಣ ದಪ್ಪಗೆ ಬಳಿದಿದ್ದರು. ಸ್ಕ್ರೂಡ್ರೈವರ್ ಒತ್ತಿದ್ದೇ ತಡ, ಹಪ್ಪಳದ ಹಾಗೆ ಪದರ ಪದರವಾಗಿ ತುಕ್ಕು ಉದುರಿತು, ಬೆರಳು ತೂರುವಷ್ಟು ತೂತು. "ಹೆಗಡೇರೆ, ಇದು ಮೀನು ಹೊತ್ತ ಗಾಡಿ, ಬಿಟ್ಟುಬಿಡಿ" ಅಂದ.

ಮೀನಿನ ಪೆಟ್ಟಿಗೆಯಿಂದ ಐಸ್ ಕರಗಿ ಉಪ್ಪುನೀರು ಬಾಡಿಯ ಸಂದಿಯಲ್ಲಿ ಸೋರಿ ಚಾಸಿ ಮೇಲೆ ಬೀಳುತ್ತಲೇ ಇರುತ್ತದೆ. ಸಮುದ್ರದ ಗಾಳಿ ಬೇರೆ, ಮೇಲೆ ನಮ್ಮ ಮಳೆ. ಬಂದರಿಗೆ ದಿನಾ ಹೋಗಿಬಂದ ಗಾಡಿ ಕಡಿಮೆ ಓಡಿದ್ದರೂ ಒಳಗಿನಿಂದ ಕರಗಿರುತ್ತದೆ. ಇಂಜಿನ್ ಹೋದರೆ ಇಳಿಸಿ ಮಾಡಿಸಬಹುದು, ಗೇರ್‌ಬಾಕ್ಸೂ ಅಷ್ಟೇ. ಆದರೆ ಕೊಳೆತ ಚಾಸಿಗೆ ತೇಪೆ ವೆಲ್ಡಿಂಗ್ ಮಾಡಿ ಒಂದು ಟನ್ ಹೊರೆ ಹಾಕಿ ಘಟ್ಟ ಇಳಿಯುವ ಧೈರ್ಯ ನನಗಿಲ್ಲ. ನೀವೂ ಮಾಡಬೇಡಿ. ಕರಾವಳಿಯವರ ಗಾಡಿ ಎಲ್ಲಾ ಹೀಗೇ ಅಂತಲ್ಲ. ಬಟ್ಟೆ ಅಂಗಡಿಯ, ಪೀಠೋಪಕರಣದವರ ಗಾಡಿ ಚೆನ್ನಾಗಿರುತ್ತವೆ. ಘಟ್ಟದ ಮೇಲಿನ ಗಾಡಿಯಲ್ಲೂ ರಸಗೊಬ್ಬರ ಚೆಲ್ಲಿ ಬಾಡಿಯ ತಳ ತಿಂದಿರುತ್ತದೆ, ಮ್ಯಾಟ್ ಎತ್ತಿ ನೋಡಿ.

ಕೊನೆಗೆ ತಗೊಂಡಿದ್ದು ಯಲ್ಲಾಪುರ ಕಡೆಯ ಒಬ್ಬ ಕೃಷಿಕರ 2016ರ ಗಾಡಿ. 1 ಲಕ್ಷ 40 ಸಾವಿರ ಓಡಿತ್ತು. ಬಣ್ಣ ಮಾಸಿತ್ತು, ಬಾಗಿಲಿಗೆ ಗೀರು. ಚಾಸಿಯಲ್ಲಿ ಮೇಲ್ಮೈ ತುಕ್ಕು ಬಿಟ್ಟರೆ ಏನಿಲ್ಲ. 4 ಲಕ್ಷ 10 ಸಾವಿರಕ್ಕೆ ಮುಗೀತು.

ನೋಡಲು ಬೆಳಿಗ್ಗೆ ಹೇಳದೇ ಹೋಗಿದ್ದೆವು. ಬಾನೆಟ್ ಮೇಲೆ ಕೈ ಇಟ್ಟರೆ ತಣ್ಣಗಿರಬೇಕು. ಬಿಸಿ ಇದ್ದರೆ ಮೊದಲೇ ಸ್ಟಾರ್ಟ್ ಮಾಡಿಟ್ಟಿದ್ದಾರೆ ಅಂತ ಲೆಕ್ಕ. ಡೀಸೆಲ್ ಇಂಜಿನ್ನಿನ ನಿಜ ಗೊತ್ತಾಗುವುದು ತಣ್ಣಗಿದ್ದಾಗಲೇ. ಬಿಸಿಯಾದ ಮೇಲೂ ನೀಲಿ ಹೊಗೆ ನಿಲ್ಲದಿದ್ದರೆ ಆಯಿಲ್ ಉರೀತಾ ಇದೆ. ಇಂಜಿನ್ ಓಡುತ್ತಿರುವಾಗ ಆಯಿಲ್ ಹಾಕುವ ಮುಚ್ಚಳ ತೆಗೆದು ಬಾಯಿ ಮೇಲೆ ಬೋರಲಾಗಿ ಇಟ್ಟು ನೋಡಿ, ಅದು ಕುಣಿದು ಕೆಳಗೆ ಬಿದ್ದರೆ ಇಂಜಿನ್ ಒಳಗಿನ ಪಿಸ್ಟನ್ ರಿಂಗ್ ಸವೆದಿರುವ ಸಾಧ್ಯತೆ ಜಾಸ್ತಿ.

ಆಮೇಲೆ ಪೇಟೆಯಲ್ಲಿ ಒಂದು ರೌಂಡ್ ಹಾಕಿ ಬರಬೇಡಿ. ಏರಿಗೆ ಹೋಗಿ. ನಾವು ಅರಬೈಲ್ ಘಟ್ಟ ಇಳಿಸಿ ಹತ್ತಿಸಿದೆವು. ಹತ್ತುವಾಗ ಆಕ್ಸಿಲರೇಟರ್ ಒತ್ತಿದರೆ ಇಂಜಿನ್ ಸದ್ದು ಮಾತ್ರ ಏರಿ ಗಾಡಿ ಮುಂದೆ ಹೋಗದಿದ್ದರೆ ಕ್ಲಚ್ ಮುಗಿದಿದೆ. ಇಳಿಯುವಾಗ ಎರಡನೇ ಗೇರಿನಲ್ಲಿ ಆಕ್ಸಿಲರೇಟರಿನಿಂದ ಕಾಲು ತೆಗೆದುಬಿಡಿ, ಗೇರ್ ತಾನಾಗಿ ನ್ಯೂಟ್ರಲ್‌ಗೆ ಹಾರಿದರೆ ಅಲ್ಲೇ ಬಿಟ್ಟು ಬನ್ನಿ. ಘಟ್ಟ ಇಳಿಯುವಾಗ ಗಾಡಿ ಹಿಡಿದಿಡಲು ನಮಗೆ ಗೇರೇ ಆಧಾರ ಅಲ್ವಾ. ಹಿಂದಿನ ಲೀಫ್ ಪ್ಲೇಟುಗಳನ್ನೂ (ಹೊರೆ ತಡೆಯುವ ಸ್ಪ್ರಿಂಗ್ ಪಟ್ಟಿಗಳು) ಎಣಿಸಿ. ಕಂಪನಿ ಕೊಟ್ಟದ್ದಕ್ಕಿಂತ ಒಂದೆರಡು ಜಾಸ್ತಿ ಹಾಕಿದ್ದರೆ ಓವರ್‌ಲೋಡ್ ಎಳೆದಿದ್ದಾರೆ. 2020ರ ಏಪ್ರಿಲ್ ನಂತರದ ಬಿಎಸ್6 (ಹೊಸ ಹೊಗೆ ನಿಯಮದ) ಗಾಡಿಯಾದರೆ ಕೀ ಹಾಕಿದಾಗ ಎಚ್ಚರಿಕೆ ದೀಪಗಳು ಹೊತ್ತಿ ಆಮೇಲೆ ಆರುತ್ತವಾ ನೋಡಿಕೊಳ್ಳಿ. ಹೊತ್ತದೇ ಇದ್ದರೂ ಅನುಮಾನವೇ.

ಕಾಗದದ ವಿಷಯ. ಲೋನ್ ತೀರಿದೆ ಅಂತ ಬಾಯಲ್ಲಿ ಹೇಳಿದರೆ ಸಾಲದು, ಆರ್‌ಸಿಯಲ್ಲಿ ಎಚ್‌ಪಿ, ಅಂದರೆ ಗಾಡಿ ಮೇಲೆ ಸಾಲ ಇದೆ ಅನ್ನುವ ನಮೂದು, ಕ್ಯಾನ್ಸಲ್ ಆಗಿರಬೇಕು. ಇಲ್ಲದಿದ್ದರೆ ಫೈನಾನ್ಸಿನವರ ಎನ್‌ಒಸಿ, ಫಾರ್ಮ್ 35 ಕೇಳಿ. ವರ್ಗಾವಣೆಗೆ 29, 30 ಎರಡೂ ಫಾರ್ಮ್. ಇನ್ಶೂರೆನ್ಸ್ ಹೆಸರು ಬದಲಿಗೆ 14 ದಿನದೊಳಗೆ ಅರ್ಜಿ ಕೊಡಿ. ಹಳದಿ ಬೋರ್ಡ್ ಗಾಡಿಗೆ ಎಂಟು ವರ್ಷದ ತನಕ ಎರಡು ವರ್ಷಕ್ಕೊಮ್ಮೆ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್), ಆಮೇಲೆ ವರ್ಷ ವರ್ಷ. ನನ್ನದು 2024ರಲ್ಲಿ ಎಂಟು ದಾಟಿತು, ಈಗ ಆ ಖರ್ಚು ಪ್ರತಿ ವರ್ಷ. ಹೊರೆ ಸೇರಿ ಒಟ್ಟು ತೂಕ 3000 ಕೆಜಿ ಮೀರದ ಗಾಡಿಗೆ ಪರ್ಮಿಟ್ ಬೇಡ, ಅದನ್ನು ಆರ್‌ಸಿಯಲ್ಲೇ ನೋಡಬಹುದು.

ನಾಲ್ಕು ವರ್ಷದಲ್ಲಿ ನನ್ನ ಕೈಯಲ್ಲಿ 52 ಸಾವಿರ ಓಡಿದೆ. ಕ್ಲಚ್ ಪ್ಲೇಟ್ ಒಮ್ಮೆ, ಬ್ಯಾಟರಿ ಒಮ್ಮೆ, ಹಿಂದಿನ ಚಕ್ರ ತಿರುಗಿಸುವ ಪ್ರೊಪೆಲ್ಲರ್ ಶಾಫ್ಟಿನ ಜಾಯಿಂಟ್ ಎರಡು ಸಲ ಬದಲಾಯಿಸಿದೆ. ಎರಡನೇ ಸಲ ಆಷಾಢದ ಮಳೆಯಲ್ಲಿ ದೇವಿಮನೆ ತಿರುವಿನಲ್ಲಿ ಕಟಕಟ ಸದ್ದು ಶುರುವಾಗಿ, ಬಾಳೆಗೊನೆ ತುಂಬಿದ ಗಾಡಿಯನ್ನು ನಡಿಗೆ ವೇಗದಲ್ಲಿ ಊರು ಮುಟ್ಟಿಸಿದೆ. ಗ್ರೀಸ್ ಹೊಡೆಸುವುದನ್ನು ತಪ್ಪಿಸಿದ್ದು ನನ್ನದೇ ತಪ್ಪು. ಖಾಲಿ ಓಡಿಸಿದರೆ ಲೀಟರಿಗೆ 13 ಕೊಡುತ್ತದೆ, ಲೋಡ್ ಹಾಕಿ ಘಟ್ಟ ಹತ್ತಿದರೆ 9. ಖಾಲಿ ಇದ್ದಾಗ ಹಿಂಬದಿ ಕುಣಿಯುತ್ತದೆ, ಮನೆಯವಳಿಗೆ ಬೆನ್ನು ನೋವು ಬರುತ್ತದೆ. ಹಾಗಾಗಿ ಮದುವೆ ಮುಂಜಿಗೆಲ್ಲ ಬಸ್ಸೇ. ದುಡಿಮೆಯ ಮಟ್ಟಿಗೆ ಮಾತ್ರ ಕೊಟ್ಟ ಒಂದೊಂದು ರೂಪಾಯಿಗೂ ಸಮ ಇದೆ.

ಕುಮಟಾ, ಅಂಕೋಲಾ ಕಡೆ ಹೋಗಿಬಂದ ದಿನ ಎಷ್ಟೇ ರಾತ್ರಿಯಾದರೂ ಬಾವಿ ಪಂಪ್ ಹಾಕಿ ಪೈಪಿನಿಂದ ಗಾಡಿ ಅಡಿ ತೊಳೆಯುತ್ತೇನೆ. ಮಳೆಗಾಲಕ್ಕೆ ಮುಂಚೆ ತುಕ್ಕು ಉಜ್ಜಿ, ತುಕ್ಕು ತಡೆಯುವ ರೆಡ್ ಆಕ್ಸೈಡ್ ಬಣ್ಣ ಬಳಿಸುತ್ತೇನೆ. ಮೊನ್ನೆ ಎಫ್‌ಸಿಗೆ ಮೊದಲು ಅದೇ ಮೆಕ್ಯಾನಿಕ್ ಮತ್ತೆ ಸುತ್ತಿಗೆ ಹಿಡಿದು ಅಡಿಗೆ ಹೋಗಿದ್ದ. ಹಿಂದಿನ ಕೊನೆಯ ತನಕ ಠಣ್ ಅಂತಲೇ ಕೇಳಿಸಿತು.